ಬೋರ್‌ವೆಲ್ ನೀರು, ಓನರಮ್ಮನ ತುರುಬು

ತಮಿಳುನಾಡಿನ ಗಡಿಯ ಹೊಸೂರಿನ ಮೂಕಂಡಪಲ್ಲಿಗೆ ಬಾಡಿಗೆಗೆ ಬರುವ ಕರ್ನಾಟಕದವರು ಮೊದಲು ಕಲಿಯುವುದು, ಕೂದಲು ಉದುರಿದರೆ ಬೋರ್‌ವೆಲ್ ನೀರನ್ನು ಬೈಯುವುದನ್ನು. ನನಗೆ ಮಗು ಹುಟ್ಟಿ ನಾಲ್ಕು ತಿಂಗಳಾಗಿತ್ತು, ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ನಾನೂ ಬೈದೆ. ಅದು ಮನೆ ಓನರಮ್ಮನ ಕಿವಿಗೆ ಬಿತ್ತು.

ನೇರ ಬಾಗಿಲಿಗೇ ಬಂದರು. "ನೀನು ಹಿಂಗೆ ಸಾರ್‍ಕೊಂಡು ತಿರುಗಿದ್ರೆ ನನ್ನ ಮನೆಗೆ ಯಾರಮ್ಮ ಬತ್ತಾರೆ? ಹುಟ್ಟಿದಾಗಿಂದ ತಲೆಗೆ ಇದೇ ನೀರು ಹುಯ್ಕೊಂಡಿವ್ನಿ. ಬೇಕಾದ್ರೆ ನೋಡು" ಎಂದು ಆವೇಶದಲ್ಲಿ ತುರುಬು ಎಳೆದರು.

ತುರುಬು ಬಿಚ್ಚಿಕೊಳ್ಳಲಿಲ್ಲ. ಚೌರಿ, ಪಿನ್ನು, ಮುಡಿದಿದ್ದ ಕನಕಾಂಬರದ ಸಮೇತ ಇಡಿಯಾಗಿ ಕೈಗೇ ಬಂತು. ತಲೆಯಲ್ಲಿ ಉಳಿದದ್ದು ನಿಂಬೆಹಣ್ಣಿನಷ್ಟು ಗಂಟು.

ನಾನು ಮಗುವಿನ ಮುಖ ನೋಡುತ್ತಾ ನಿಂತೆ. ಅವರು ಎಲ್ಲವನ್ನೂ ಮತ್ತೆ ಸಿಕ್ಕಿಸಿಕೊಳ್ಳುತ್ತಾ ದನಿ ತಗ್ಗಿಸಿ, "ನಿಂಗೂ ನಡುನೆತ್ತಿಯಾಗೇ ಉದುರ್ತದಾ?" ಎಂದರು.

ಆಮೇಲೆ ಡಾಕ್ಟರಿಗೆ ತೋರಿಸಿದೆ. ಅವರು, ನನ್ನ ವಿಷಯದಲ್ಲಿ ನೀರಿನ ತಪ್ಪೇನಿಲ್ಲ, ಹೆರಿಗೆಯಾದ ಮೇಲೆ ಬಹಳ ಜನಕ್ಕೆ ಹೀಗಾಗುತ್ತೆ, ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತೆ ಎಂದರು. ಓನರಮ್ಮನಿಗೆ ಹೇಳೋಣವೆಂದು ಬಂದರೆ, ಅವರು ಟ್ಯಾಂಕಿಗೆ ಗಡಸು ನೀರು ಮೆದುಮಾಡುವ ಮೆಷಿನ್ ಕೂರಿಸುತ್ತಿದ್ದರು.

ಡಾಕ್ಟರ ಮಾತನ್ನು ನನ್ನಲ್ಲೇ ಇಟ್ಟುಕೊಂಡು ಒಳಗೆ ಹೋದೆ. ಕೂದಲ ಮಾತು ಹಾಗಿರಲಿ, ಈಗ ಸೋಪಿಗೆ ಚೆನ್ನಾಗಿ ನೊರೆ ಬರುತ್ತದೆ.