ಸೊನ್ನೆ ನಿಮಿಷದ ಸರ್ಟಿಫಿಕೇಟು

ಹೋದ ಶುಕ್ರವಾರ ಬೆಳಗ್ಗೆ ಟ್ರೈನಿನಲ್ಲಿ ಕೂತಿದ್ದೆ. ನನ್ನ ಒಂದು ಕೈಯಲ್ಲಿ ಕೆಂಪು ಸೀಲು ಹೊಡೆದ ಚೀಟಿ, ಇನ್ನೊಂದು ಕೈಯಲ್ಲಿ ಪೆನ್ನು. ಚೀಟಿಯ ನಡುವೆ ಒಂದು ಸೊನ್ನೆ. ಅದರ ಎಡಕ್ಕೆ ಒಂದು 2 ಗೀಚಿದರೆ ಇಪ್ಪತ್ತಾಗುತ್ತಿತ್ತು, ನನ್ನ ಕೆಲಸ ಉಳಿಯುತ್ತಿತ್ತು.

ಮೊದಲಿಂದಲೇ ಹೇಳುತ್ತೇನೆ.

ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು ಈ ಅಂಕಣ ಓದುವವರಿಗೆಲ್ಲ ಗೊತ್ತು. (ಎರಡನೇ ಸಲ ಫುಟ್‌ಪಾತ್ ಹತ್ತಿಸಿದ್ದನ್ನು ಮತ್ತೆ ನೆನಪಿಸಬೇಡಿ.) ಅಮೆರಿಕದ ಈ ಸ್ಯಾನ್ ಹೊಸೆಯಲ್ಲಿ ಕಾರು ಓಡಿಸಲು ಬಾರದವಳನ್ನು ಜನ ಈಜು ಬಾರದ ಮೀನಿನಂತೆ ನೋಡುತ್ತಾರೆ. ಹಾಗಾಗಿ ನನಗೆ ಟ್ರೈನೇ ಗತಿ. ಬೆಳಗ್ಗೆ ಆರೂಹತ್ತಕ್ಕೆ ಗಂಡ ಸ್ಟೇಷನ್ನಿಗೆ ಬಿಡುತ್ತಾರೆ. ಸ್ಯಾನ್ ಮಟೇಓದಲ್ಲಿ ಇಳಿದು ಆಸ್ಪತ್ರೆಯ ಲ್ಯಾಬಿಗೆ ಓಡಬೇಕು. ಅಲ್ಲಿ ರಕ್ತ ಪರೀಕ್ಷೆ ಮಾಡುವ ಹೊಸ ಕೆಲಸ. ಮೂರು ತಿಂಗಳು ಪ್ರೊಬೇಷನ್.

ಸೂಪರ್‌ವೈಸರ್ ಲೊರೇನ್ ಮೊದಲ ದಿನವೇ ಹೇಳಿದ್ದರು. "ನೋಡಮ್ಮ, ಮೂರು ಸಲ ಲೇಟಾಗಿ ಬಂದ್ರೆ ಕೆಲಸ ಖಾಯಂ ಮಾಡೋಕಾಗಲ್ಲ."

ಎರಡನೇ ವಾರವೇ ಒಂದು ಪಿಕಪ್ ಟ್ರಕ್ಕು ಹಳಿ ದಾಟುವಲ್ಲಿ ಸಿಕ್ಕಿಕೊಂಡಿತು. ಟ್ರೈನು ಅಲ್ಲೇ ನಿಂತಿತು. ನಾನು ಗಡಿಯಾರ ನೋಡುತ್ತಾ ಅಳುವುದೊಂದು ಬಾಕಿ. ಆಗ ಎದುರು ಸೀಟಿನ ಜಪಾನಿ ಅಜ್ಜ ಕೇಳಿದರು. "ಆಫೀಸಾ? ಬೈತಾರಾ?"

ಇವರು ನಕಾಮುರ. ತಮ್ಮ ದೇಶದ ಒಂದು ಪುಟ್ಟ ರೈಲ್ವೆ ಲೈನಿನಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಈಗ ಸ್ಯಾನ್ ಹೊಸೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ದಿನಾ ಟ್ರೈನು ಹತ್ತದಿದ್ದರೆ ತಿಂದದ್ದು ಅರಗುವುದಿಲ್ಲವಂತೆ. ಸ್ಯಾನ್ ಮಟೇಓದ ಜಪಾನಿ ತೋಟದಲ್ಲಿ ಒಂದು ಗಂಟೆ ಕೂತು ವಾಪಸ್ ಬರುತ್ತಾರೆ. ಈ ಟ್ರೈನಿನ ಬೋಗಿಗಳು ಜಪಾನಿನಲ್ಲಿ ತಯಾರಾದವು. ಹತ್ತುವಾಗ ಬಾಗಿಲನ್ನು ಬೆರಳಿನಿಂದ ತಟ್ಟಿ, ಊರಿನವರು ಸಿಕ್ಕಂತೆ ನಗುತ್ತಾರೆ.

ಅಂದು ಅವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಜಪಾನಿ ಭಾಷೆಯಲ್ಲಿ ಏನೋ ಬರೆದರು. ನಡುವೆ 22 ಅಂತ ಹಾಕಿ, ಕಿರುಬೆರಳಿನಷ್ಟಿದ್ದ ತಮ್ಮ ಹೆಸರಿನ ಸೀಲು ಒತ್ತಿದರು. ಎದ್ದು ನಿಂತು, ಎರಡೂ ಕೈಯಲ್ಲಿ ನನಗೆ ಚೀಟಿ ಕೊಟ್ಟು, ತಲೆ ಬಾಗಿಸಿದರು. ಅವರ ಲೈನಿನಲ್ಲಿ ಟ್ರೈನು ಲೇಟಾದರೆ ಪ್ರತಿ ಪ್ರಯಾಣಿಕನಿಗೂ ಇಂಥ ಚೀಟಿ ಕೊಡುತ್ತಿದ್ದರಂತೆ. ಆಫೀಸಿಗೋ ಶಾಲೆಗೋ ತೋರಿಸಿದರೆ ಯಾರೂ ಬೈಯುವ ಹಾಗಿಲ್ಲ.

ಯೋಚಿಸಿ. ನಾನು ರಾಮನಗರದಿಂದ ಬೆಂಗಳೂರಿನ ಕಾಲೇಜಿಗೆ ಪ್ಯಾಸೆಂಜರ್ ಟ್ರೈನಿನಲ್ಲಿ ಓಡಾಡಿದವಳು. ಜಾತಿಗೆ, ಆದಾಯಕ್ಕೆ, ಬದುಕಿರುವುದಕ್ಕೂ ಸರ್ಟಿಫಿಕೇಟು ಕೊಡುವ ನಮ್ಮವರು, ಟ್ರೈನು ಲೇಟಾದದ್ದಕ್ಕೆ ಯಾವತ್ತಾದರೂ ಕೊಟ್ಟಿದ್ದಾರಾ?

ಲೊರೇನ್ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಯಾವ ಅಕ್ಷರವೂ ಅರ್ಥವಾಗಲಿಲ್ಲ. "ಲೆಕ್ಕಕ್ಕೆ ತಗೋಬೇಕೋ ಬೇಡವೋ ಕೊನೇಲಿ ನೋಡೋಣ" ಅಂತ ಬೋರ್ಡಿಗೆ ಚುಚ್ಚಿದರು. ಮುಂದಿನ ತಿಂಗಳು 17 ಎಂಬ ಇನ್ನೊಂದು ಚೀಟಿ ಅದರ ಪಕ್ಕ ಸೇರಿತು.

ಈ ನಡುವೆ ಅಜ್ಜ ನನಗೆ ಅವರ ಲೈನಿನ ಇಡೀ ಕಥೆ ಹೇಳಿದರು. ಅದನ್ನು ಹಾಕಿದ್ದೇ ಬೆಟ್ಟದ ಊರುಗಳಿಂದ ರೇಷ್ಮೆಗೂಡು ತರಲು. (ರಾಮನಗರದವಳಿಗೆ ಇದಕ್ಕಿಂತ ಇನ್ನೇನು ಬೇಕು? ಗೂಡಿನ ವಾಸನೆ ಮೂಗಿಗೇ ಬಡಿಯಿತು.) ಮೊದಲು ಉಗಿಬಂಡಿ, ಆಮೇಲೆ ಕರೆಂಟು. ಗೂಡು ಕಡಿಮೆಯಾದಂತೆ ಶಾಲೆಯ ಮಕ್ಕಳು, ಆಫೀಸಿನವರು ಹತ್ತಿದರು. ಎರಡೇ ಬೋಗಿ, ಒಂದೇ ಹಳಿ. ಸ್ಟೇಷನ್ ಮಾಸ್ಟರ್ ಬಳೆಯಂಥ ಟೋಕನ್ನು ಕೈಗೆ ಕೊಡದೆ ಡ್ರೈವರ್ ಮುಂದೆ ಹೋಗುವಂತಿಲ್ಲ. ಒಂದು ಟ್ರೈನು ಅರ್ಧ ನಿಮಿಷ ತಡೆದರೆ ಎದುರಿನದೂ ತಡ. ಈಗ ಆ ಲೈನು ಮುಚ್ಚಿ ಬಸ್ಸು ಓಡಿಸುತ್ತಿದ್ದಾರಂತೆ. ಅದನ್ನು ಹೇಳುವಾಗ ಅವರು ಕಿಟಕಿ ಕಡೆ ತಿರುಗಿಕೊಂಡರು. ನನಗೂ ಸಂಕಟವಾಯಿತು.

ಇನ್ನು ಶುಕ್ರವಾರಕ್ಕೆ ಬರೋಣ. ಪ್ರೊಬೇಷನ್ನಿನ ಕೊನೆಯ ದಿನ. ಲೊರೇನ್ ಮನಸ್ಸು ಮೆತ್ತಗಾಗಲಿ ಅಂತ ಕೇಸರಿಬಾತು ಮಾಡಿದ್ದೆ. ಅರ್ಧ ದಾರಿಯಲ್ಲಿ ನೋಡಿದರೆ ಡಬ್ಬಿ ಮನೆಯಲ್ಲೇ ಇದೆ. ಕಾರು ತಿರುಗಿಸಿದರು ಗಂಡ. "ಲೈಸೆನ್ಸ್ ತಗೊಂಡಿದ್ರೆ ಈ ಗೋಳೇ ಇರ್ತಿರ್ಲಿಲ್ಲ ಕಣೆ" ಎಂಬ ಮಂಗಳಾರತಿ ಬೇರೆ.

ಡಬ್ಬಿ ಹಿಡಿದು ಪ್ಲಾಟ್‌ಫಾರ್ಮಿನ ಈ ತುದಿಗೆ ಓಡಿ ಬಂದಾಗ ಟ್ರೈನು ಹೊರಡುವ ಹೊತ್ತಾಗಿತ್ತು, ಬಾಗಿಲು ಇನ್ನೂ ದೂರವಿತ್ತು. ಕಂಡಕ್ಟರ್ ನನ್ನನ್ನು ನೋಡಿ ಕೈ ಎತ್ತಿ ಟ್ರೈನು ತಡೆದ. ಬಾಗಿಲಲ್ಲಿ ನಕಾಮುರ. ಅವರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಕೆಳಗಿಳಿದರು. ಕಂಡಕ್ಟರಿಗೆ ಹೇಳಿದರು, "ಹೊರಡಿ."

ಟ್ರೈನು ಹೊರಟೇಹೋಯಿತು.

ನನಗೆ ಮೈಯೆಲ್ಲ ಉರಿಯಿತು. "ಒಂದು ನಿಮಿಷ ನಿಲ್ಲಿಸೋಕಾಗ್ತಿರಲಿಲ್ವಾ?"

"ಒಳಗೆ ಇನ್ನೂರು ಜನ ಇದ್ದಾರೆ" ಅಂದರು. "ಅದಕ್ಕೆ ನಾನು ಇಳಿದೆ. ನೀವೊಬ್ಬರೇ ಕಾಯಬಾರದು."

ಅರ್ಧ ಗಂಟೆ ಬೆಂಚಿನ ಮೇಲೆ ಕೂತೆವು. ಕೊನೆಗೆ ನಾಚಿಕೆ ಬಿಟ್ಟು ಕೇಳಿದೆ, ಒಂದು ಚೀಟಿ ಬರೆದುಕೊಡಿ ಅಂತ. ಅವರು ಬರೆದರು. ಸೀಲು ಹೊಡೆದರು. ಎದ್ದು, ಎರಡೂ ಕೈಯಲ್ಲಿ ಕೊಟ್ಟು, ತಲೆ ಬಾಗಿಸಿದರು. ನಡುವೆ ಇದ್ದದ್ದು 0.

"ಇವತ್ತು ಟ್ರೈನು ಲೇಟಿಲ್ಲ" ಅಂದರು.

ಮುಂದಿನ ಟ್ರೈನಿನಲ್ಲಿ ನಾನು ಪೆನ್ನು ತೆಗೆದೆ. ಎದುರಿನ ಅಜ್ಜ ಹ್ಯಾಟು ಮಡಿಲಲ್ಲಿಟ್ಟು ಹೊರಗೆ ನೋಡುತ್ತಿದ್ದರು. ಬೇಕೆಂದೇ ನೋಡುತ್ತಿದ್ದರು ಅಂತ ನನಗೆ ಅನುಮಾನ. ಸೊನ್ನೆಯ ಪಕ್ಕದಲ್ಲೇ ಅವರ ಹೆಸರು ಕೆಂಪಗಿತ್ತು. ಸ್ಟೇಷನ್ನೇ ಇಲ್ಲದ ಸ್ಟೇಷನ್ ಮಾಸ್ಟರಿಗೆ ಉಳಿದಿರುವುದು ಅದೊಂದೇ. ಪೆನ್ನು ಪರ್ಸಿಗೆ ಹಾಕಿದೆ.

ಲೊರೇನ್ ಬಾಗಿಲಲ್ಲೇ ನಿಂತಿದ್ದರು. ಚೀಟಿ ಕೊಟ್ಟೆ.

"ಝೀರೋ ಅಂದ್ರೇನು?"

"ಟ್ರೈನು ಸರಿಯಾಗಿ ಬಂತು. ನಾನೇ ಲೇಟು."

ಅವರು ಬೋರ್ಡಿನ 22 ನೋಡಿದರು, 17 ನೋಡಿದರು, ಕೈಯಲ್ಲಿದ್ದ ಸೊನ್ನೆ ನೋಡಿದರು. "ಹಾಗಾದ್ರೆ ಆ ಎರಡೂ ನಿಜಾನೇ" ಅಂದರು. ರಿಜಿಸ್ಟರಿನಲ್ಲಿ ಆ ಎರಡು ದಿನ ಹೊಡೆದುಹಾಕಿದರು. ನನ್ನ ಹೆಸರಿಗೆ ಉಳಿದದ್ದು ಒಂದೇ ಲೇಟು. ಸಂಜೆಗೆ ಕೆಲಸ ಖಾಯಂ. ಕೇಸರಿಬಾತು ಆಮೇಲೆ ಹಂಚಿದೆ, ಲಂಚ ಅಂತ ಯಾರೂ ಅನ್ನಬಾರದು ನೋಡಿ.

ಸೋಮವಾರ ನಕಾಮುರ ಅವರಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: "ಮೂರು ಚೀಟೀನೂ ಬೋರ್ಡಿನ ಮೇಲೇ ಇದೆಯಾ?"

ಇದೆ. ಸರಿ, ಈಗ ನೀವು ಹೇಳಿ: ಸೊನ್ನೆಗೂ ಸೀಲು ಹೊಡೆಯುವವರು ನಿಮ್ಮ ಆಫೀಸಿನಲ್ಲಿ ಒಬ್ಬರಾದರೂ ಇದ್ದಾರಾ?