ಅರಳಿಮರದ ಹಾಜರಿ

ಬ್ಯಾಡಗಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕಸಬರಿಗೆ ಹಿಡಿದ ಮರಿಯವ್ವ ನೆಲ ಬಿಟ್ಟು ಅರಳಿಮರದ ಟೊಂಗೆಗಳನ್ನು ನೋಡುತ್ತಿದ್ದಾರೆ. ಮೇವು ಮುಗಿಸಿ ಮರಳುವ ಬಾವಲಿಗಳು ಒಂದೊಂದಾಗಿ ಜೋತುಬೀಳುತ್ತವೆ. ಲೆಕ್ಕ ತಪ್ಪದಿರಲೆಂದು ಹತ್ತು ಬಾವಲಿಗೊಂದರಂತೆ ಮೆಣಸಿನ ತೊಟ್ಟು ಅವರ ಸೆರಗು ಸೇರುತ್ತದೆ.

"ದೆವ್ವದ ಹಾಜರಿ ಮುಗೀತೇನ್ ಮರಿಯವ್ವ?" ಮರದಡಿಯ ಚಹಾದಂಗಡಿಯ ಶಾನವಾಜ ಕೇಳುತ್ತಾನೆ.

ಹತ್ತೊಂಬತ್ತು ವರ್ಷಗಳಿಂದ ಈ ಓಣಿ ಗುಡಿಸುವ ಮರಿಯವ್ವನಿಗೆ ಕಸವೇ ಎಲ್ಲ ಹೇಳುತ್ತದೆ. "ಅಗದು ಉಗುಳಿದ ಹಣ್ಣಿನ ನಾರಿದ್ರ ಮರದಾಗಿನ ದೊಡ್ಡ ಬಾವಲಿ. ಹುಳದ ರೆಕ್ಕಿ ಬಿದ್ದಿದ್ರ ಗೋದಾಮಿನ ಸಂದ್ಯಾಗಿನ ಸಣ್ಣವು. ಹಿಕ್ಕಿ ತಿಕ್ಕಿದ್ರ ಪುಡಿ ಆಗಬೇಕು. ಆಗಲಿಲ್ಲಂದ್ರ ಅದು ಇಲೀದು."

ನಾಲ್ಕು ವರ್ಷಗಳ ಹಿಂದೆ ಹಾವೇರಿಯ ಕಾಲೇಜಿನಲ್ಲಿ ಪಾಠ ಹೇಳುವ ರೋಹಿಣಿ ಬಾವಲಿ ಹುಡುಕುತ್ತ ಬಂದಾಗ ಮರಿಯವ್ವ ಕೇಳಿದ್ದು ಒಂದೇ ಮಾತು: "ಮರ ಕಡಿಯಾಕ ಬಂದೀರೇನ್ರಿ?" ಅನುಮಾನ ಕರಗಲು ಮೂರು ತಿಂಗಳು ಹಿಡಿಯಿತು. ಈಗ ಮರಿಯವ್ವನೇ ವಾರಕ್ಕೊಮ್ಮೆ ಎಣಿಕೆಯನ್ನು ರೋಹಿಣಿಗೆ ಫೋನಿನಲ್ಲಿ ಒಪ್ಪಿಸುತ್ತಾರೆ.

ಈ ಸುಗ್ಗಿಯಲ್ಲಿ ಇನ್ನೂರಾ ಹನ್ನೆರಡಿದ್ದ ಎಣಿಕೆ ನೂರಾ ನಲವತ್ತಕ್ಕಿಳಿಯಿತು. ಬುಡದಲ್ಲಿ ದಿನವೂ ಬೆಚ್ಚಗಿನ ಬೂದಿ. ಯಾರೋ ಘಾಟಿನ ಹೊಗೆ ಹಾಕಿ ಬಾವಲಿ ಓಡಿಸುತ್ತಿದ್ದಾರೆ ಎಂದುಕೊಂಡರು ಮರಿಯವ್ವ. ಬಾವಲಿ ಹಿಕ್ಕೆಯಿಂದ ಅಂಗಡಿಯ ತಾಡಪಾಲು ಹೊಲಸಾಗುತ್ತದೆಂದು ಗೊಣಗುವವನು ಶಾನವಾಜನೊಬ್ಬನೇ. ಮರಿಯವ್ವ ಎಂಟು ದಿನ ಅವನ ಚಹಾ ಮುಟ್ಟಲಿಲ್ಲ, ಕಾರಣವನ್ನೂ ಹೇಳಲಿಲ್ಲ.

ಒಂಬತ್ತನೆಯ ದಿನ ತಾಸು ಮುಂಚೆ ಬಂದರು. ಬೆಂಕಿಯ ಮುಂದೆ ಮೂಗಿಗೆ ಟವೆಲ್ ಕಟ್ಟಿಕೊಂಡು ಕೆಮ್ಮುತ್ತಿದ್ದವನು ಗೋದಾಮಿನ ಕಾವಲುಗಾರ ಹಾಲಸಿದ್ದಪ್ಪ.

"ಏನ್ ಸುಡಾಕತ್ತಿ?"

"ನೀನ ಗುಡ್ಡಿ ಹಾಕಿ ಹೋಗ್ತೀಯಲ್ಲ ಯವ್ವಾ. ಸುಡಾಕ ಇಟ್ಟೀ ಅಂತ ತಿಳಕೊಂಡೆ."

ದಿನಾ ಸಂಜೆ ಗುಡಿಸಿದ ಮೆಣಸಿನ ತೊಟ್ಟನ್ನೆಲ್ಲ, ಗಾಳಿಗೆ ಹಾರದಿರಲೆಂದು, ಮರದ ಬುಡಕ್ಕೆ ಒಟ್ಟುತ್ತಿದ್ದವರು ಮರಿಯವ್ವನೇ.

ಈಗ ಆ ಗುಡ್ಡೆ ಓಣಿಯ ಆಚೆ ತುದಿ ಸೇರಿದೆ. ಶಾನವಾಜನ ಚಹಾ ಮತ್ತೆ ಶುರುವಾಗಿದೆ. ಎಂಟು ದಿನ ಚಹಾ ಏಕೆ ಬಿಟ್ಟಿದ್ದರೆಂದು ಅವನು ಕೇಳಿಲ್ಲ. ಲೋಟ ಕೊಡುವಾಗ ಮಾತ್ರ ಒಂದು ಗಳಿಗೆ ಹೆಚ್ಚು ನೋಡುತ್ತಾನೆ. ಮರಿಯವ್ವ ಕಣ್ಣು ತಪ್ಪಿಸಿ ಮರದತ್ತ ತಿರುಗುತ್ತಾರೆ.

ಇವತ್ತಿನ ಎಣಿಕೆ ನೂರಾ ಎಂಬತ್ತೇಳು.

"ಇನ್ನಾ ಇಪ್ಪತ್ತೈದು ಬರಬೇಕ್ರಿ," ಎಂದು ಫೋನಿನಲ್ಲಿ ರೋಹಿಣಿಗೆ ಹೇಳಿ ದನಿ ತಗ್ಗಿಸುತ್ತಾರೆ. "ಅವು ಬಂದ ದಿನ ಅವಂಗ ಖರೇ ಹೇಳ್ತೇನಿ. ಅಲ್ಲೀಮಟ ಚಹಾದಾಗ ಸಕ್ಕರಿ ಕಡಿಮಿ ಆಗೇತಿ ಅನ್ನಾಕೂ ನನಗ ಬಾಯಿಲ್ಲ."