ಪಾಲಾದ ಬೀಸುಕಲ್ಲು

ಕರೆಂಟು ಹೋದ ಕೂಡಲೇ ನಾನು ಮೊದಲು ಪಕ್ಕದ ಮನೆಯತ್ತ ಇಣುಕುತ್ತೇನೆ. ಅಲ್ಲಿಯೂ ಕತ್ತಲಿದ್ದರೆ ಮನಸ್ಸಿಗೆ ಅದೇನೋ ಅವರ್ಣನೀಯ ಸಮಾಧಾನ. ಈ ಕ್ಷುದ್ರತ್ವ ನನ್ನೊಬ್ಬನ ಸ್ವತ್ತೆಂದು ಭಾವಿಸಬೇಡಿ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ನಾನು ಇಣುಕುವ ಹೊತ್ತಿಗೆ ಎದುರು ಕಿಟಕಿಯ ತಲೆಗಳು ನನ್ನತ್ತ ಇಣುಕಿರುತ್ತವೆ.

ವಿದ್ಯುತ್ತನ್ನು ಪೂರ್ತಿ ನಂಬಿ ಕೂರಬಾರದೆಂದು ನಾನು ಕಲಿತದ್ದು ಹುಟ್ಟೂರಾದ ಮಾಂಬಳ್ಳಿಯಲ್ಲಿ. ಊರಿಗೆ ಕರೆಂಟಿನ ಹಿಟ್ಟಿನ ಗಿರಣಿ ಬಂದಾಗ ಹೆಂಗಸರ ರಟ್ಟೆಗಳು ಧನ್ಯವಾದವು, ಬೀಸುಕಲ್ಲುಗಳು ನಿರುದ್ಯೋಗಿಗಳಾಗಿ ಬಚ್ಚಲಿಗೂ ಹಿತ್ತಿಲ ಮೆಟ್ಟಿಲಿಗೂ ಸಂದವು. ನಮ್ಮ ಮನೆಯದರ ಗತಿ ಇನ್ನೂ ಸ್ವಾರಸ್ಯದ್ದು. ಅದೇ ವರ್ಷ ಅಪ್ಪನೂ ಚಿಕ್ಕಪ್ಪನೂ ಜಗಳವಾಡಿ ಪಾಲಾದರು. ಬೀಸುಕಲ್ಲು ಇಬ್ಬರಿಗೂ ಬೇಡ. ಆದರೆ ಅದು ಇಡಿಯಾಗಿ ಇನ್ನೊಬ್ಬನಿಗೆ ಹೋಗುವುದಂತೂ ಸುತರಾಂ ಬೇಡ. ಊರ ಹಿರಿಯರು ಅಡಿಕಲ್ಲನ್ನು ನಮಗೂ ಮೇಲುಕಲ್ಲನ್ನು ಚಿಕ್ಕಪ್ಪನಿಗೂ ಕೊಟ್ಟು ನ್ಯಾಯವನ್ನು ಸಮಸಮವಾಗಿ ಹಂಚಿದರು. ನಡುವೆ ಗೋಡೆ ಎದ್ದಿತು, ಮಾತು ನಿಂತಿತು.

ಅಕ್ಕನನ್ನು ನೋಡಲು ಹನೂರಿನಿಂದ ಗಂಡಿನವರು ಬರುವ ವಾರವೇ ಟ್ರಾನ್ಸ್‌ಫಾರ್ಮರ್ ಸುಟ್ಟು ಗಿರಣಿ ನಿಂತಿತು. ನೆರೆಹೊರೆಯ ಡಬ್ಬಗಳಲ್ಲೂ ಹಿಟ್ಟು ತಳ ಕಂಡಿತು. ಬರುವವರೋ ರಾಗಿಮುದ್ದೆಯಿಲ್ಲದ ಊಟವನ್ನು ಊಟವೆಂದೇ ಒಪ್ಪದವರು. ಅದಾಗಲೇ ಒಂದು ಸಂಬಂಧ ತಪ್ಪಿಹೋಗಿದ್ದ ಅಕ್ಕ ಮೂಲೆ ಹಿಡಿದು ಕೂತಳು. ಕೆಲಸವಿಲ್ಲದೆ ಮನೆಯಲ್ಲಿದ್ದ ನಾನು ಸೈಕಲ್ಲಿನಲ್ಲಿ ಯಳಂದೂರಿಗೆ ರಾಗಿ ಹೊತ್ತು, ಅಲ್ಲಿಯೂ ಕರೆಂಟಿಲ್ಲವೆಂಬ ವಾರ್ತೆಯನ್ನು ಅದೇ ರಾಗಿಯೊಂದಿಗೆ ಹೊತ್ತು ತಂದೆ.

ಅವ್ವ ಸೆರಗು ಸಿಕ್ಕಿಸಿಕೊಂಡು ನೇರ ಚಿಕ್ಕವ್ವನ ಬಾಗಿಲಿಗೆ ನಡೆದಳು. ಕಲ್ಲು ಹೊರಲು ಹಿಂದೆ ನಾನು.

“ಮೇಲುಕಲ್ಲು ಬೇಕಾಗಿತ್ತು ಕಣವ್ವ,” ಎಂದಳು ಅವ್ವ, ಹೊಸ್ತಿಲ ಆಚೆಯೇ ನಿಂತು.

ಚಿಕ್ಕವ್ವ ಕೈಯೊರೆಸಿಕೊಂಡು ಎದ್ದಳು. “ನೀ ಒಬ್ಬಳೇ ಬೀಸಕ್ಕಾದದಾ ಅಕ್ಕ? ತಡಿ, ನಾನೂ ಬತ್ತೀನಿ.”

ಎದುರುಬದುರು ಕೂತು, ಒಂದೇ ಗೂಟ ಹಿಡಿದು ಸಂಜೆಯವರೆಗೆ ಬೀಸಿದರು. ಮೊದಲು ಮಾತಿರಲಿಲ್ಲ, ಆಮೇಲೆ ತಂತಮ್ಮ ಗಂಡಂದಿರ ದೋಷಗಳನ್ನು ರಾಗಿಗಿಂತ ನುಣ್ಣಗೆ ಅರೆದರು. ಮರುದಿನ ಬೀಗರು ಮುದ್ದೆ ನುಂಗಿ ಅಕ್ಕನನ್ನು ಒಪ್ಪಿದರು. ಪಂಕ್ತಿಯಲ್ಲಿ ಅಪ್ಪನ ಪಕ್ಕ ಚಿಕ್ಕಪ್ಪನೂ ಕೂತಿದ್ದ. ಬಡಿಸುತ್ತಿದ್ದ ನನಗೆ ಕಣ್ಣು ತುಂಬಿ ಬಂತು.

ಕರೆಂಟು ಬಂದಾಗ ಅವ್ವ ಮೇಲುಕಲ್ಲನ್ನು ಮತ್ತೆ ನನ್ನ ಹೆಗಲಿಗೇರಿಸಿದಳು. ಎರಡೂ ಒಂದೇ ಕಡೆ ಇರಲಿ ಬಿಡು ಎಂದು ಗೊಣಗಿದೆ.

“ಎರಡೂ ಇಲ್ಲೇ ಇದ್ರೆ ಅವಳು ಯಾಕ್ಲಾ ಬಂದಾಳು? ಒತ್ಕೊಂಡೋಗು.”

ಈಗಲೂ ಕರೆಂಟು ಹೋದರೆ ಪಕ್ಕದ ಮನೆಯತ್ತ ಇಣುಕುತ್ತೇನೆ. ಅಲ್ಲಿಯೂ ಕತ್ತಲಿದ್ದರೆ ಒಂದು ಮೇಣದಬತ್ತಿ ಹಿಡಿದು ಹೋಗಿ ಬಾಗಿಲು ತಟ್ಟುತ್ತೇನೆ. ಬೆಂಕಿಪೊಟ್ಟಣ ಮಾತ್ರ ಅವರದನ್ನೇ ಕೇಳುತ್ತೇನೆ, ನನ್ನದು ಜೇಬಿನಲ್ಲೇ ಇದ್ದರೂ.